ಏರಿಯಾನ್ 8 ಸೆಂಟ್ಸ್

ಕಾಸರಗೋಡಿನಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಕನ್ನಡದ ಅರ್ಜಿ, ಮಲಯಾಳದ ಆಧಾರಪತ್ರ, ಇಂಗ್ಲಿಷಿನ ಕರಾರು, ಎಲ್ಲವೂ ಒಂದೇ ಕೀಬೋರ್ಡಿನಲ್ಲಿ ಆಗಬೇಕು. ಗಲ್ಫಿನಲ್ಲಿರುವ ಮಕ್ಕಳಿಗೆ ಕಳಿಸಲು ಜಾಗದ ಪತ್ರವನ್ನು ಇಂಗ್ಲಿಷಿಗೆ ಮಾಡಿಸಿಕೊಳ್ಳುವವರೂ ಬರುತ್ತಾರೆ.

ಹಾಗೆ ಮಾಡಿಕೊಟ್ಟ ಒಂದು ಪತ್ರ ಎರಡೇ ದಿನದಲ್ಲಿ ವಾಪಸ್ ಬಂತು. ‘ಎ 11 ಸೆಂಟ್ ಪ್ಲಾಟ್’ ಎಂಬಲ್ಲಿ ‘ಎ’ಗೆ ಕೆಂಪು ಪೆನ್ನಿನ ಸುತ್ತು. ‘ಎ 8 ಫೂಟ್ ರೋಡ್’ ಎಂಬಲ್ಲೂ ಸುತ್ತು. ಎರಡು ಕಡೆಯೂ ‘ಆ್ಯನ್’ ಬರಬೇಕಿತ್ತು: ಇಂಗ್ಲಿಷಿನ ಈ ಆರ್ಟಿಕಲ್ (a, an) ಮುಂದಿನ ಪದದ ಸದ್ದು ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’.

ಗಡಿಬಿಡಿಯಲ್ಲಿ ಫೈಂಡ್ ಆ್ಯಂಡ್ ರಿಪ್ಲೇಸ್ ಕೊಟ್ಟೆ. ‘ಎ 8’ ಇದ್ದಲ್ಲೆಲ್ಲ ‘ಆ್ಯನ್ 8’, ‘ಎ 11’ ಇದ್ದಲ್ಲೆಲ್ಲ ‘ಆ್ಯನ್ 11’. ಪ್ರಿಂಟ್ ತೆಗೆದು ನೋಡಿದರೆ ಷೆಡ್ಯೂಲಿನಲ್ಲಿ ‘ಏರಿಯಾ 8 ಸೆಂಟ್ಸ್’ ಇದ್ದದ್ದು ‘ಏರಿಯಾನ್ 8 ಸೆಂಟ್ಸ್’ ಆಗಿ ಕೂತಿತ್ತು! ಇಂಗ್ಲಿಷಿನ ಏರಿಯಾ ಮುಗಿಯುವುದೂ ಅದೇ ಅಕ್ಷರದಲ್ಲಿ ಅಲ್ವಾ. ಸರಿಯಾಗಿದ್ದ ‘ಎ 110 ಮೀಟರ್ ವಾಲ್’ ಕೂಡ ‘ಆ್ಯನ್ 110’ ಆಗಿ ಕೆಟ್ಟಿತ್ತು. ಅದನ್ನು ಓದುವುದು ವನ್ ಹಂಡ್ರೆಡ್ ಎಂದು, ಇಲೆವನ್ ಎಂದಲ್ಲ.

ಮೊದಲೇ ಯಾಕೆ ಗೊತ್ತಾಗಲಿಲ್ಲ? ನಮ್ಮಲ್ಲಿ ಹುಡುಗ ಗಟ್ಟಿಯಾಗಿ ಓದುತ್ತಾನೆ, ನಾನು ತಾಳೆ ನೋಡುತ್ತೇನೆ. ಅವತ್ತು ಮತ್ತೆ ಓದಿಸಿದೆ. ‘ಎ ಯೆಯ್ಟ್ ಫೂಟ್ ರೋಡ್’ ಅಂದ. ಸಿಕ್ಕಿತು ಕಳ್ಳ. ಎಂಟನ್ನು ಯೆಂಟು ಅನ್ನುವ ಬಾಯಿ ನಮ್ಮದು. ಎಯ್ಟ್‌ಗೂ ಒಂದು ‘ಯ’ ಅಂಟಿಸುತ್ತೇವೆ. ವ್ಯಂಜನ ಬಂದ ಮೇಲೆ ‘ಎ’ ಅಂದರೆ ಕಿವಿಗೆ ಏನೂ ಚುಚ್ಚುವುದಿಲ್ಲ.

ಅಂಕೆಯ ಆಕಾರ ಇಲ್ಲಿ ಲೆಕ್ಕಕ್ಕಿಲ್ಲ, ಓದುವಾಗಿನ ಮೊದಲ ಸದ್ದು ಮುಖ್ಯ. ಅದಕ್ಕೆ ಹುಡುಗನಿಗೆ ಒಂದು ಉಪಾಯ ಹೇಳಿಕೊಟ್ಟೆ: ಅಂಕೆಯ ಇಂಗ್ಲಿಷ್ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆ. ಎಯ್ಟ್, ಇಲೆವನ್, ಎಯ್ಟೀನ್, ಎಯ್ಟಿ: ಶುರುವಿಗೇ ಸ್ವರ, ಆದ್ದರಿಂದ ‘ಆ್ಯನ್’. ವನ್ ಬರೆದರೆ ‘ವ’ ಎದುರಿಗೇ ನಿಂತಿರುತ್ತದೆ, ಆದ್ದರಿಂದ ‘ಎ’. ಇಂಗ್ಲಿಷ್ ಸ್ಪೆಲಿಂಗ್ ನೋಡಿದರೆ ವನ್ ಸ್ವರದಿಂದ ಶುರುವಾದ ಹಾಗೆ ಕಾಣುತ್ತದೆ, ಅದನ್ನು ನಂಬಬಾರದು. ಉಪಾಯ ಫಲಿಸಬೇಕಾದರೆ ಯೆಯ್ಟ್ ಎಂದು ಮಾತ್ರ ಬರೆಯಬಾರದು, ಅಷ್ಟೇ.

ಎಂಟರಿಂದ ಶುರುವಾಗುವ ಅಂಕೆಗೆ ತಕರಾರಿಲ್ಲ. 8, 85, 800, 8,50,000, ಎಲ್ಲಕ್ಕೂ ‘ಆ್ಯನ್’. ತಲೆನೋವು 11 ಮತ್ತು 18ರದ್ದು. ಹನ್ನೊಂದು ಲಕ್ಷವನ್ನು ನಮ್ಮ ಹಾಗೆ 11,00,000 ಎಂದು ಬರೆದರೆ ಇಲೆವನ್ ಲ್ಯಾಕ್, ‘ಆ್ಯನ್’. ಅದನ್ನೇ ದುಬೈಯವರಿಗಾಗಿ 1,100,000 ಎಂದು ಬರೆದರೆ ವನ್ ಮಿಲಿಯನ್ ಆಯಿತು, ‘ಎ’. ದುಡ್ಡು ಅಷ್ಟೇ ಇದೆ, ಕೊಮ ಸರಿದಿದ್ದಕ್ಕೆ ಆರ್ಟಿಕಲ್ ಬದಲಾಯಿತು! ನನಗೆ ಇದು ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಸಂಗತಿ.

ಇಸವಿಯೂ ಹಾಗೆಯೇ. ಆಸ್ತಿ ವರ್ಗಾವಣೆ ಕಾಯ್ದೆ 1882ರದ್ದು, ಎಯ್ಟೀನ್ ಎಂದು ಶುರು, ‘ಆ್ಯನ್ 1882 ಆ್ಯಕ್ಟ್’. ನೋಂದಣಿ ಕಾಯ್ದೆ 1908ರದ್ದು, ನೈಂಟೀನ್, ‘ಎ’.

ಪಾಲುಪತ್ರದಲ್ಲಿ ಎಂಟನೇ ಒಂದು ಪಾಲು ಬರುತ್ತದೆ. 1/8 ಎಂದು ಬರೆದರೆ ವನ್ ಎಯ್ತ್, ‘ಎ 1/8 ಶೇರ್’. ಅಕ್ಷರದಲ್ಲಿ ಬರೆದರೆ ‘ಆ್ಯನ್ ಎಯ್ತ್ ಶೇರ್’. ಎರಡೂ ಸರಿ. ಹುಡುಗ ಮಾತ್ರ ಇದನ್ನು ಇನ್ನೂ ಒಪ್ಪಿಲ್ಲ.

1,800 ಚದರಡಿಯ ಮನೆ ಬಂದರೆ ನಾನೂ ತಡೆಯುತ್ತೇನೆ. ಎಯ್ಟೀನ್ ಹಂಡ್ರೆಡ್ ಎಂದು ಓದುವವರಿಗೆ ‘ಆ್ಯನ್’, ವನ್ ಥೌಸಂಡ್ ಎಯ್ಟ್ ಹಂಡ್ರೆಡ್ ಅನ್ನುವವರಿಗೆ ‘ಎ’. ಓದುವವರು ಯಾರೋ ಏನೋ. ಸುಮ್ನೆ ‘ಎ ಹೌಸ್ ಮೆಷರಿಂಗ್ 1,800 ಸ್ಕ್ವೇರ್ ಫೀಟ್’ ಎಂದು ಟೈಪ್ ಮಾಡಿ ನುಣುಚಿಕೊಳ್ಳುತ್ತೇನೆ.