ಕೈಗೋ, ಸೀಟಿಗೋ?

"ನಡುಕ ಎಲ್ಲಿಗೆ ಬರುವುದು? ಕೈಗೋ, ಸೀಟಿಗೋ?"

ಕುಂಬಳೆಯ ಗ್ಯಾರೇಜಿನ ಮೇಸ್ತ್ರಿ ಕೇಳಿದ್ದು ಲಾರಿಯ ಡ್ರೈವರನ್ನು. ಬಾಯಿ ತೆರೆದದ್ದು ನಮ್ಮ ಭಾವ.

"ನೀವಲ್ಲ, ಅವನು ಹೇಳಲಿ."

ಈ ವಾರವಿಡೀ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ಭಾವನ ಮುಖ ಸಪ್ಪಗಾದದ್ದೂ ನೆನಪಾಗುತ್ತದೆ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಖುಷಿಯೂ ಆಗುತ್ತದೆ.

ಭಾವನದ್ದು ಮುರಕಲ್ಲು ಸಾಗಿಸುವ ಹತ್ತು ಚಕ್ರದ ಲಾರಿ. ನಮ್ಮ ಕಂಪೌಂಡಿಗೆ ಬರಬೇಕಾದ ಕಲ್ಲು ಬಾರದೆ ಅಡಿಪಾಯದ ಮೇಲೆ ಹುಲ್ಲು ಬೆಳೆದಿತ್ತು. ಫೋನು ಮಾಡಿದರೆ "ಲಾರಿ ನಡುಗುತ್ತದೆ ಮಾರಾಯ" ಎಂಬ ಒಂದೇ ರಾಗ. ವೇಗ 50 ದಾಟಿದರೆ ಸುರು, 60ಕ್ಕೆ ಜೋರು. ತಮಾಷೆ ನೋಡಿ, ನಮ್ಮ ಕಾಸರಗೋಡಿನಲ್ಲಿ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಅಗಲ ಆಗದೆ ಇದ್ದಿದ್ದರೆ ಈ ರೋಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬದಿಯಡ್ಕ, ಪೆರ್ಲ ಕಡೆಯ ತಿರುವುಗಳಲ್ಲಿ ಕಲ್ಲು ಹೇರಿದ ಲಾರಿಗೆ 60 ಎಲ್ಲಿ ಸಿಗಬೇಕು?

ಭಾವ ಒಳ್ಳೆಯವರು. ಆದರೆ ಅವರಿಗೆ ಕಾಯಿಲೆಗಿಂತ ಮೊದಲು ಮದ್ದು ಗೊತ್ತಿರುತ್ತದೆ. ಮುಂದಿನ ಎರಡು ಟೈರು ಹೊಸತು ಹಾಕಿಸಿದರು. ಅಲೈನ್‌ಮೆಂಟ್ ಆಯಿತು, ಬ್ಯಾಲೆನ್ಸಿಂಗ್ ಆಯಿತು. ಯಾರೋ ಎಂಜಿನ್ ಮೌಂಟಿಂಗ್ ಎಂದರು, ಅದನ್ನೂ ಬದಲಿಸಿದರು. ವಾಟ್ಸಾಪ್ ಗುಂಪಿನಲ್ಲಿ ಕ್ಲಚ್ ಪ್ಲೇಟು ಎಂದವರೂ ಇದ್ದರು, ಪುಣ್ಯಕ್ಕೆ ಅಷ್ಟರಲ್ಲಿ ಕೈಯಲ್ಲಿದ್ದ ದುಡ್ಡು ಮುಗಿದಿತ್ತು. ಲಾರಿ ಮಾತ್ರ ನಡುಗುತ್ತಲೇ ಇತ್ತು.

ಮೇಸ್ತ್ರಿ ಸ್ಪ್ಯಾನರ್ ಮುಟ್ಟಲಿಲ್ಲ. ಡ್ರೈವರ್ ಮೊದಲು ಭಾವನ ಕಡೆ ನೋಡಿದ, ಆಮೇಲೆ ತುಳುವಿನಲ್ಲಿ ಹೇಳಿದ. ಕೈಗೆ ಏನೂ ಇಲ್ಲ, ಸೀಟಿನ ಅಡಿಯಿಂದ ಬರುವುದು. 60 ಆದಾಗ ಮಿರರಿನಲ್ಲಿ ಹಿಂದಿನ ಗಾಡಿ ಎರಡೆರಡು ಕಾಣುತ್ತದೆ. ಬ್ರೇಕ್ ಒತ್ತಿದರೆ ಹೆಚ್ಚಾಗುವುದಿಲ್ಲ. ಮೇಸ್ತ್ರಿ ತಲೆಯಾಡಿಸಿ ಕ್ಯಾಬಿನ್ ಹತ್ತಿದರು, ಹಿಂದಿನಿಂದ ನಾವೂ ಹತ್ತಿದೆವು.

ಉಪ್ಪಳದ ದಿಕ್ಕಿಗೆ ಹೊರಟೆವು. 60ಕ್ಕೆ ಬಂದಾಗ ಮೇಸ್ತ್ರಿ ಅಂಗೈಯನ್ನು ಕ್ಯಾಬಿನ್ ನೆಲಕ್ಕೆ ಒತ್ತಿ ಹಿಡಿದು, ಒಂದು ಗಳಿಗೆ ಕ್ಲಚ್ ಒತ್ತಲು ಹೇಳಿದರು. ಎಂಜಿನ್ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ಒಂದು ಗೇರು ಕೆಳಗೆ ಹಾಕಿಸಿ ಅದೇ ವೇಗದಲ್ಲಿ ಓಡಿಸಿದರು. ಎಂಜಿನ್ ಬೊಬ್ಬೆ ಹಾಕಿತು, ನಡುಕ ಇದ್ದ ಹಾಗೇ ಇತ್ತು. ಅಲ್ಲಿಗೆ ಎಂಜಿನ್, ಕ್ಲಚ್, ಭಾವ ಬದಲಿಸಿದ ಮೌಂಟಿಂಗ್ ಎಲ್ಲ ಲೆಕ್ಕದಿಂದ ಹೊರಗೆ.

"ಎಣಿಸಲಿಕ್ಕೆ ಆಗುವ ನಡುಕ ಚಕ್ರದ್ದು, ಎಣಿಸಲಿಕ್ಕೆ ಆಗದ್ದು ಶಾಫ್ಟಿನದ್ದು" ಎಂದರು. ಮನೆಗೆ ಬಂದು ಲೆಕ್ಕ ಹಾಕಿದೆ, ಮಾತು ಸರಿ. ಗಂಟೆಗೆ 60 ಕಿಲೋಮೀಟರಿನಲ್ಲಿ ಅಷ್ಟು ದೊಡ್ಡ ಚಕ್ರ ಸೆಕೆಂಡಿಗೆ ಸುಮಾರು 5 ಸುತ್ತು ಬರುತ್ತದೆ. ಹಿಂದಿನ ಆಕ್ಸಲ್ ಹೌಸಿಂಗಿನೊಳಗಿನ ಹಲ್ಲಿನ ಲೆಕ್ಕ 6ಕ್ಕೆ 1 ಎಂದು ಹಿಡಿದರೆ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುಗುವ ಬಲ ಒಯ್ಯುವ ಉದ್ದದ ಪ್ರೊಪೆಲ್ಲರ್ ಶಾಫ್ಟ್ 30 ಸುತ್ತು. ಚಕ್ರದ ದೋಷವಾದರೆ ಧಡ್ ಧಡ್ ಎಂದು ಕುಲುಕಬೇಕು, ಅದರಲ್ಲೂ ಮುಂದಿನ ಚಕ್ರದ್ದಾದರೆ ಮೊದಲು ಸ್ಟೇರಿಂಗಿಗೆ ಬರಬೇಕು. ಇದು ಗುಂಯ್ ಎಂದು ಸೊಂಟಕ್ಕೆ ಹತ್ತುವ ನಡುಕ.

ಶೆಡ್ಡಿಗೆ ಮರಳಿ ಲಾರಿಯ ಅಡಿಗೆ ತೂರಿದರು. ಕೆಂಪು ಮಣ್ಣು, ಗ್ರೀಸು ಸೇರಿ ಗಟ್ಟಿಯಾದದ್ದನ್ನು ತಗಡಿನ ಚೂರಿನಿಂದ ಕೆರೆದು, ಡೀಸೆಲ್ ಬಟ್ಟೆಯಲ್ಲಿ ಒರೆಸಿ ನನ್ನನ್ನೂ ಕರೆದರು. ಶಾಫ್ಟ್ ಒಂದರೊಳಗೊಂದು ಜಾರುವ ಜಾಗದಲ್ಲಿ, ಎರಡೂ ತುಂಡುಗಳ ಮೇಲೆ ಒಂದೊಂದು ಸಣ್ಣ ಬಾಣದ ಗುರುತು. ಅವು ಎದುರುಬದುರು ಇರಬೇಕು. ಇಲ್ಲಿ ಒಂದು ಮೇಲೆ, ಇನ್ನೊಂದು ಪಕ್ಕಕ್ಕೆ.

ಶಾಫ್ಟಿನ ತುದಿಯಲ್ಲಿರುವ ಕೀಲಿಗೆ, ಅಂದರೆ ಕ್ರಾಸ್ ಜಾಯಿಂಟಿಗೆ, ಒಂದು ಹುಟ್ಟುಗುಣ ಉಂಟು. ಓರೆಯಾಗಿ ನಿಂತಾಗ ಅದು ವೇಗವನ್ನು ಒಂದೇ ಸಮ ದಾಟಿಸುವುದಿಲ್ಲ, ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಇನ್ನೊಂದು ತುದಿಯ ಕ್ರಾಸ್ ಅದಕ್ಕೆ ತದ್ವಿರುದ್ಧ ಮಾಡಿ ಲೆಕ್ಕ ಚುಕ್ತಾ ಮಾಡುತ್ತದೆ. ಆದರೆ ಎರಡೂ ತುದಿಯ ಯೋಕ್‌ಗಳು, ಅಂದರೆ ಕ್ರಾಸನ್ನು ಹಿಡಿಯುವ ಕವಲುಗಳು, ಒಂದೇ ನೇರಕ್ಕೆ ಇರಬೇಕು. ಶಾಫ್ಟ್ ಜಾರುವ ಜಾಗದ ಹಲ್ಲು ತಪ್ಪಿಸಿ ತುರುಕಿದರೆ ಎರಡೂ ಒಟ್ಟಾಗಿ ಕುಣಿಯುತ್ತವೆ. ಹಾಗೇ ಓಡಿಸುತ್ತಿದ್ದರೆ ಸೆಂಟರ್ ಬೇರಿಂಗ್ ಹೋಗುತ್ತಿತ್ತು, ಆಮೇಲೆ ಗೇರ್‌ಬಾಕ್ಸಿನ ಹಿಂದಿನ ಆಯಿಲ್ ಸೀಲು.

"ಕ್ರಾಸ್ ಯಾವಾಗ ಹಾಕಿಸಿದ್ದು?" ಎಂದರು ಮೇಸ್ತ್ರಿ.

"ಅದರ ಮರುದಿವಸದಿಂದಲೇ ನಡುಗುವುದು. ನಾನು ಹೇಳಿದ್ದೆ ಅಣ್ಣ" ಎಂದ ಡ್ರೈವರ್. ಹೇಳಿದ್ದು ಮೇಸ್ತ್ರಿಗಲ್ಲ. ಭಾವ ಫೋನು ನೋಡುತ್ತಿದ್ದರು.

ಅವನು ಹೇಳಿದ್ದಾನಂತೆ, ಕ್ರಾಸ್ ಹಾಕಿದ ಗ್ಯಾರೇಜಿನಲ್ಲಿಯೂ ಹೇಳಿದ್ದಾನಂತೆ. "ನೀನು ಓಡಿಸು, ರಿಪೇರಿ ನಮಗೆ ಬಿಡು" ಎಂದರಂತೆ. ಆಮೇಲೆ ಅವನು ಸುಮ್ಮನಾದ. ಟೈರಿಗೆ ದುಡ್ಡು ಸುರಿಯುವಾಗ ಪಕ್ಕದಲ್ಲೇ ನಿಂತಿದ್ದವನು ಅವನು. ಯಾಕೆ ಮತ್ತೆ ಹೇಳಲಿಲ್ಲ ಎಂದು ಭಾವನ ಸಿಟ್ಟು. ನನಗೆ ಆ ಸಿಟ್ಟು ನ್ಯಾಯ ಅನ್ನಿಸಲಿಲ್ಲ. ದಿನವಿಡೀ ಆ ಸೀಟಿನಲ್ಲಿ ಕೂತವನ ಬೆನ್ನಿಗೆ ಗೊತ್ತಿದ್ದದ್ದನ್ನು ಕೇಳಲು ಒಬ್ಬರಿಗೂ ಪುರುಸೊತ್ತಿರಲಿಲ್ಲ.

ಡ್ರೈವರನ ಮನೆ ಪಡ್ರೆಯ ಕಡೆ. ಜೇನು ಸಾಯುತ್ತಿದೆ, ಕರುಗಳು ಕಾಲು ಸೊಟ್ಟಗಾಗಿ ಹುಟ್ಟುತ್ತಿವೆ ಎಂದು ಆ ಊರಿನವರು ವರ್ಷಗಟ್ಟಲೆ ಹೇಳಿದರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು ನಿಂತದ್ದು 2000ದ ಕೊನೆಗೆ, ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹೇರಿದ್ದು 2011ರಲ್ಲಿ. ಲಾರಿಯ ನಡುಕವನ್ನು ಆ ಸಂಕಟದ ಪಕ್ಕದಲ್ಲಿಡುವುದು ಸರಿಯಲ್ಲ, ಗೊತ್ತು. ಆದರೆ ಅವನು "ನಾನು ಹೇಳಿದ್ದೆ" ಎಂದಾಗ ನನಗೆ ನೆನಪಾದದ್ದು ಅದೇ. ಪಂಡಿತರು ಬಂದು ರಕ್ತ, ನೀರು, ಮಣ್ಣು ಎಲ್ಲ ಪರೀಕ್ಷೆ ಮಾಡಿದರು. ಮನೆ ಜಗಲಿಯಲ್ಲಿ ಕೂತು "ಯಾವಾಗಿನಿಂದ?" ಎಂದು ಮೊದಲೇ ಕೇಳಿದವರು ಎಷ್ಟು ಮಂದಿ?

ಮೇಸ್ತ್ರಿ ಶಾಫ್ಟ್ ಬಿಚ್ಚಿ, ಬಾಣಕ್ಕೆ ಬಾಣ ಕೂಡಿಸಿ, ಮೇಲೆ ಬಿಳಿ ಪೈಂಟಿನ ಗೀಟು ಎಳೆದು, ಗ್ರೀಸು ತುಂಬಿಸಿ ಕೊಟ್ಟರು. ಕೇಳಿದ ಮಜೂರಿ ಒಂದು ಟೈರಿನ ಟ್ಯೂಬಿಗೂ ಸಾಲದಷ್ಟು. ಭಾವ ಅದರಲ್ಲೂ ಚೌಕಾಸಿಗೆ ಇಳಿದರು.

ವಾಪಸು ಬರುವಾಗ 60ರಲ್ಲಿ ಮಿರರ್ ಕನ್ನಡಿಯಷ್ಟೇ ತಿಳಿ. ಡ್ರೈವರ್ ಎಡಕ್ಕೆ ಕಿವಿ ಕೊಟ್ಟು, "ಅಣ್ಣ, ಹಿಂದಿನ ಎಡದ ಚಕ್ರದ ಹಬ್ಬಿನಲ್ಲಿ ಒಂದು ಸಣ್ಣ ಕಿರಿಕಿರಿ ಉಂಟು" ಎಂದ.

ನಾನು ಭಾವನ ಮುಖ ನೋಡಿದೆ.

"ಮೊದಲು ಇವನ ಕಲ್ಲು ಇಳಿಸುವ" ಎಂದರು ಭಾವ.