ಶಿಕಾಗೋದ ಗೂಸ್ ಐಲ್ಯಾಂಡ್: ಒಡೆತನ ಬದಲಾದ ಮೇಲೆ ಬಿಯರಿಗೆ ಆದದ್ದೇನು

312 ಎಂಬುದು ಶಿಕಾಗೋ ನಡುನಗರದ ಫೋನ್ ಕೋಡ್. ಆ ಹೆಸರಿನ ಗೋಧಿ ಬಿಯರನ್ನು ಇಲ್ಲಿನ ಊಟದ ಮೇಜುಗಳ ಮೇಲೆ ಕಾಣಬಹುದು. ಅದನ್ನು ತಯಾರಿಸುವ ಗೂಸ್ ಐಲ್ಯಾಂಡನ್ನು ಜಾನ್ ಹಾಲ್ 1988ರಲ್ಲಿ ಕ್ಲೈಬೋರ್ನ್ ಅವೆನ್ಯೂದಲ್ಲಿ ಶುರುಮಾಡಿದರು. ಬೆಂಗಳೂರಿನ ಮೈಕ್ರೋಬ್ರೂವರಿಗಳ ಹಾಗೆ ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಜಾಗ ಅದಾಗಿತ್ತು. 1995ರಲ್ಲಿ ಫುಲ್ಟನ್ ಸ್ಟ್ರೀಟಿನ ದೊಡ್ಡ ಘಟಕ ಬಂತು. 2011ರಲ್ಲಿ ಬಡ್‌ವೈಸರ್ ಮಾಡುವ ಆನ್‌ಹೈಸರ್-ಬುಶ್ ಇನ್‌ಬೆವ್ ಇಡೀ ಕಂಪನಿಯನ್ನು 3.88 ಕೋಟಿ ಡಾಲರಿಗೆ ಕೊಂಡಿತು.

ಕೇಳುವವರು ಹೆಚ್ಚಿದ್ದರು, ಟ್ಯಾಂಕ್ ಸಾಲುತ್ತಿರಲಿಲ್ಲ. ಹಾಗಾಗಿ ಬೇಗ ಖರ್ಚಾಗುವ ಬಿಯರುಗಳ ತಯಾರಿಕೆ ನ್ಯೂಯಾರ್ಕ್ ರಾಜ್ಯದ ಬಾಲ್ಡ್‌ವಿನ್ಸ್‌ವಿಲ್, ಕೊಲರಾಡೋದ ಫೋರ್ಟ್ ಕಾಲಿನ್ಸ್ ಕಾರ್ಖಾನೆಗಳಿಗೆ ಹೋಯಿತು.

ಒಂದೇ ಪಾಕವನ್ನು ನೂರು ಪಟ್ಟು ಮಾಡಿದರೆ ಅದೇ ರುಚಿ ಬರುವುದಿಲ್ಲ. ಎತ್ತರದ ಟ್ಯಾಂಕಿನಲ್ಲಿ ಬಿಯರಿನದೇ ಭಾರ ತಳದ ಒತ್ತಡ ಹೆಚ್ಚಿಸುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಕರಗಿ ಉಳಿಯುತ್ತದೆ. ಆಗ ಯೀಸ್ಟ್ ಹಣ್ಣಿನ ಪರಿಮಳ ಕೊಡುವ ಎಸ್ಟರುಗಳನ್ನು ಕಡಿಮೆ ಮಾಡುತ್ತದೆ. ಗೋಧಿ ಬಿಯರ್ ಸಪ್ಪೆಯಾಗುವುದು ಇಲ್ಲಿಯೇ. ಹುದುಗುವ ಉಷ್ಣತೆಯನ್ನು ತುಸು ಏರಿಸಿ, ಟ್ಯಾಂಕನ್ನು ಪೂರ್ತಿ ತುಂಬದೆ ಸರಿಪಡಿಸಬೇಕು. ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿನ ಲೆಕ್ಕವೂ ತಪ್ಪುತ್ತದೆ. ದೊಡ್ಡ ಹಂಡೆಯಲ್ಲಿ ಕುದಿಸಿದ ದ್ರವ ತಣಿಯಲು ಹೆಚ್ಚು ಹೊತ್ತು ಬೇಕು, 80 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವಷ್ಟು ಕಾಲವೂ ಹಾಪ್ಸಿನ ಕಹಿ ಅದಕ್ಕೆ ಸೇರುತ್ತಲೇ ಇರುತ್ತದೆ. ಕೊನೆಗೆ ಪರಿಮಳಕ್ಕೆಂದು ಹಾಕಿದ್ದೂ ಕಹಿ ಕೊಡುವುದರಿಂದ ಮೊದಲು ಹಾಕುವ ಹಾಪ್ಸಿನ ಕಂತನ್ನು ಕಡಿಮೆ ಮಾಡಬೇಕು. ನೀರು ಶಿಕಾಗೋದ ಹಾಗೆ ಮಿಷಿಗನ್ ಸರೋವರದ್ದಲ್ಲವಾದ್ದರಿಂದ ಜಿಪ್ಸಮ್, ಕ್ಯಾಲ್ಸಿಯಂ ಕ್ಲೋರೈಡಿನಂಥ ಲವಣ ಬೆರೆಸಿ ಹೊಂದಿಸಬೇಕು.

ಶಿಕಾಗೋದಲ್ಲಿ ತೆರವಾದ ಜಾಗ ಗೂಸ್ ಐಲ್ಯಾಂಡಿನ ಬರ್ಬನ್ ಕೌಂಟಿ ಸ್ಟೌಟಿಗೆ, ಅಂದರೆ ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಹಳೆಯದಾಗುವ ಕಪ್ಪು ಬಿಯರಿಗೆ ಸಿಕ್ಕಿತು. ನಮ್ಮ ಮಟ್ಟಿಗೆ ಈ ಮಾರಾಟದ ನಿಜವಾದ ಲಾಭ ಇದೇ. ಬರ್ಬನ್ ವಿಸ್ಕಿಗೆ ಕಾನೂನು ಪ್ರಕಾರ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಆಗಬೇಕು. ಒಮ್ಮೆ ಬಳಸಿದ 53 ಗ್ಯಾಲನ್ನಿನ, ಅಂದರೆ ಸುಮಾರು 200 ಲೀಟರಿನ ಪೀಪಾಯಿಗಳು ಬಿಯರಿನವರಿಗೆ ಸಿಗುತ್ತವೆ. ಸ್ಟೌಟ್ ಅದರಲ್ಲಿ ಹೆಚ್ಚುಕಡಿಮೆ ವರ್ಷ ಮಲಗುತ್ತದೆ. ಸೆಕೆಗೆ ಹಿಗ್ಗಿ ಮರದೊಳಕ್ಕೆ ಹೋಗುತ್ತದೆ, ಚಳಿಗೆ ಕುಗ್ಗಿ ವೆನಿಲಾ, ಓಕ್ ರುಚಿ ಹೊತ್ತು ಹೊರಬರುತ್ತದೆ.

ಅಪಾಯವೂ ಆ ಮರದಲ್ಲೇ. ಅದರ ರಂಧ್ರಗಳನ್ನು ಪೂರ್ತಿ ಶುದ್ಧಿ ಮಾಡಲಾಗದು. 2015ರ ಕೆಲವು ಬಾಟಲಿಗಳು ಲ್ಯಾಕ್ಟೋಬ್ಯಾಸಿಲಸ್ ಅಸಿಟೋಟಾಲರನ್ಸ್ ಎಂಬ ಬ್ಯಾಕ್ಟೀರಿಯಾದಿಂದ ಹುಳಿಯಾದವು. ಅದು ಬಹಳ ನಿಧಾನವಾಗಿ ಬೆಳೆಯುವುದರಿಂದ ತುಂಬುವ ದಿನ ರುಚಿ ಸರಿಯಿದ್ದರೂ ಕಪಾಟಿನಲ್ಲಿ ಕೆಡಬಲ್ಲದು. ಕಂಪನಿ 2016ರಲ್ಲಿ ಹಣ ಹಿಂದಿರುಗಿಸಿತು, ಆ ವರ್ಷದ ಸ್ಟೌಟಿನಿಂದ ಫ್ಲ್ಯಾಶ್ ಪಾಶ್ಚರೀಕರಣ ಶುರುಮಾಡಿತು. ಕೆಲವೇ ಸೆಕೆಂಡು ಕಾಯಿಸಿ ಕೂಡಲೇ ತಣಿಸುವ ಈ ಯಂತ್ರಕ್ಕೂ ಲ್ಯಾಬಿಗೂ ಹಣ ಹೊಂದಿಸುವುದು ಸಣ್ಣ ಬ್ರೂವರಿಗೆ ಕಷ್ಟ.

ಆದರೂ ಬೇರೆಡೆ ತಯಾರಾದ ಬಿಯರಿಗೆ ಶಿಕಾಗೋದ ಫೋನ್ ಕೋಡಿನ ಹೆಸರಿಟ್ಟು ಮಾರುವುದನ್ನು ನಾವು ಒಪ್ಪುವುದಿಲ್ಲ. ಇಲ್ಲಿಗೆ ಬಂದವರು ತಲೆಕೆಳಗಾದ ಬಾಟಲಿಯ ಮುದ್ರೆ ನೋಡಿ ಕೊಳ್ಳಿ. ಬ್ರೂವರಿ ಸ್ವತಂತ್ರವೆಂದು ತೋರಿಸಲು ಅಮೆರಿಕದ ಬ್ರೂವರಿಗಳ ಸಂಘ ಬ್ರೂವರ್ಸ್ ಅಸೋಸಿಯೇಷನ್ 2017ರಲ್ಲಿ ತಂದ ಗುರುತದು. ದೊಡ್ಡ ಮದ್ಯ ಕಂಪನಿಯ ಪಾಲು ಶೇ 25 ಮುಟ್ಟಿದರೆ ಅದು ಸಿಗುವುದಿಲ್ಲ, ಹಾಗಾಗಿ ಗೂಸ್ ಐಲ್ಯಾಂಡ್ ಬಾಟಲಿಯ ಮೇಲೆ ಇಲ್ಲ. ಯಾರದೇ ಗೋಧಿ ಬಿಯರಾದರೂ ತುಂಬಿದ ತಾರೀಕು ಓದಿ, ಮೂರು ನಾಲ್ಕು ತಿಂಗಳು ದಾಟಿದ್ದರೆ ಬಿಟ್ಟುಬಿಡಿ.