ನೈನ್ ವೈಲ್ ಫೈವ್

ಇಂಗ್ಲೆಂಡಿನ ಯಾರ್ಕಿಗೆ ಬಂದ ಮೊದಲ ಚಳಿಗಾಲ. ಬಾಡಿಗೆ ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತ್ತು. ಫೋನ್ ಮಾಡಿದರೆ ರಿಪೇರಿಯವನು "ನೈನ್ ವೈಲ್ ಫೈವ್" ಅಂದ. ನೈನ್ ತಿಳಿಯಿತು, ಫೈವ್ ತಿಳಿಯಿತು. ನಡುವಿನ ವೈಲ್ ಏನು ಮಾಡುತ್ತಿದೆ? ಒಂಬತ್ತಕ್ಕೆ ಬರದಿದ್ದರೆ ಐದಕ್ಕೆ ಬರುತ್ತಾನೆ ಅಂದುಕೊಂಡು ಹತ್ತು ಗಂಟೆಗೆ ತರಕಾರಿ ತರಲು ಹೋದೆ. ತಿರುಗಿ ಬಂದಾಗ ಬಾಗಿಲಲ್ಲಿ ಚೀಟಿ: ಬಂದಿದ್ದೆ, ನೀವಿರಲಿಲ್ಲ.

ಆ ರಾತ್ರಿ ಎರಡು ಸ್ವೆಟರ್, ಮೇಲೊಂದು ಕೌದಿ.

ಮರುದಿನ ಪಕ್ಕದ ಮನೆಯ ಅಜ್ಜಿ ನಕ್ಕು ಹೇಳಿದರು, ಯಾರ್ಕ್‌ಷೈರಿನಲ್ಲಿ 'ವೈಲ್' ಅಂದರೆ 'ತನಕ'. ಒಂಬತ್ತರಿಂದ ಐದರ ತನಕ ಯಾವಾಗಲಾದರೂ ಬರುತ್ತೇನೆ ಅಂದಿದ್ದನಂತೆ ಪುಣ್ಯಾತ್ಮ. ಇದೆಂಥ ಹಳ್ಳಿ ಇಂಗ್ಲಿಷು ಅಂತ ಮನಸ್ಸಲ್ಲೇ ಮೂಗು ಮುರಿದೆ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳಲ್ಲವೇ ನಾನು! ಆಮೇಲೆ ಒಂದು ದಿನ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ತಿರುವಿಹಾಕುವಾಗ ಮೂರನೇ ಅಂಕದ ಮೊದಲ ದೃಶ್ಯದಲ್ಲಿ ಸಿಕ್ಕಿಬಿದ್ದೆ. ಊಟದ ಹೊತ್ತಿನ ತನಕ ಒಬ್ಬನೇ ಇರುತ್ತೇನೆ ಅಂತ ಹೇಳಿ ರಾಜ ಎಲ್ಲರನ್ನೂ ಕಳಿಸುತ್ತಾನೆ: "ವೈಲ್ ದೆನ್, ಗಾಡ್ ಬಿ ವಿತ್ ಯೂ." ಅದೇ ವೈಲ್. ಪರೀಕ್ಷೆಗೆ ನೋಟ್ಸ್ ಉರು ಹೊಡೆದವಳಿಗೆ ಆ ಸಾಲು ಕಣ್ಣಿಗೇ ಬಿದ್ದಿರಲಿಲ್ಲ.

ಈ ಊರಲ್ಲಿ 'ಗೇಟ್' ಕೂಡ ಹೀಗೇ ಕೈಕೊಡುತ್ತದೆ. ಸ್ಟೋನ್‌ಗೇಟ್, ಕಾಪರ್‌ಗೇಟ್, ಮಿಕಲ್‌ಗೇಟ್ ಅಂತ ಹುಡುಕಿಕೊಂಡು ಹೋದರೆ ಗೇಟೇ ಇಲ್ಲ, ಬರೀ ಬೀದಿ. 866ರಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗೇರಿ ಬಂದ ವೈಕಿಂಗರು ಈ ಊರನ್ನು ಹಿಡಿದರು. ಅವರ ಕೊನೆಯ ರಾಜ ಎರಿಕ್‌ನನ್ನು ಓಡಿಸಿದ್ದು 954ರಲ್ಲಿ. ರಾಜ ಹೋದ, ಬೀದಿಯ ಜನ ಎಲ್ಲಿಗೆ ಹೋದಾರು? ಅವರ ನುಡಿಯಲ್ಲಿ 'ಗಾತ' ಅಂದರೆ ಬೀದಿ. ಕಾಪರ್‌ಗೇಟಿನ ಕಾಪರ್ ತಾಮ್ರವೂ ಅಲ್ಲ, ಮರದ ಬಟ್ಟಲು ಕಡೆಯುವವರು; ನಮ್ಮ ಹುಬ್ಬಳ್ಳಿಯ ಕಂಚಗಾರ ಗಲ್ಲಿ ಇದ್ದ ಹಾಗೆ. 1976ರಿಂದ ಐದು ವರ್ಷ ಅಲ್ಲಿ ಅಗೆದಾಗ ವೈಕಿಂಗರ ಕಾಲದ ಮನೆಗಳ ಜೊತೆ ಆ ಬಟ್ಟಲುಗಳೂ ಸಿಕ್ಕಿವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಶರ್ಟು-ಸ್ಕರ್ಟಿನ ಕತೆ. ಹಳೆಯ ಇಂಗ್ಲಿಷಿನ 'ಸ್ಕ' ಮೆತ್ತಗಾಗಿ 'ಶ' ಆಯಿತು, ವೈಕಿಂಗರ ಬಾಯಲ್ಲಿ 'ಸ್ಕ' ಹಾಗೇ ಉಳಿಯಿತು. ಹಳಗನ್ನಡದ ಪಾಲು ನಮ್ಮಲ್ಲಿ ಹಾಲಾಗಿ, ತಮಿಳರಲ್ಲಿ ಪಾಲಾಗೇ ಉಳಿಯಿತಲ್ಲ, ಹಾಗೆ. ಒಂದೇ ಬೇರಿನ ಪದ ಇವರಲ್ಲಿ ಶರ್ಟು, ಅವರಲ್ಲಿ ಸ್ಕರ್ಟು. ಇಂಗ್ಲಿಷು ಎರಡನ್ನೂ ಇಟ್ಟುಕೊಂಡು, ಒಂದನ್ನು ಸೊಂಟದ ಮೇಲೆ, ಇನ್ನೊಂದನ್ನು ಕೆಳಗೆ ತೊಡಿಸಿತು. ಸ್ಕೈ, ಎಗ್, ವಿಂಡೋ ಎಲ್ಲ ವೈಕಿಂಗರಿಂದ ಬಂದವೇ. ಅದೇನೂ ದೊಡ್ಡದಲ್ಲ, ನಾವೂ ಪಾರಸಿಯಿಂದ ದರ್ಜಿ, ದರ್ಬಾರು ತಂದುಕೊಂಡಿಲ್ಲವೇ. ಆದರೆ 'ದೇ', 'ದೆಮ್' ಕೂಡ ಅಲ್ಲಿಂದಲೇ ಬಂದವಂತೆ! ಯಾರಾದರೂ 'ಅವರು' ಅನ್ನೋದನ್ನ ಕಡ ತರುತ್ತಾರೆಯೇ? ಎಷ್ಟು ಒಳಗೊಳಗೇ ಬೆರೆತು ಬಾಳಿರಬೇಕು ಆ ಜನ.

ಇನ್ನು ಕೋಟೆಗೋಡೆಯಲ್ಲಿ ನಿಜವಾದ ಬಾಗಿಲುಗಳಿವೆಯಲ್ಲ, ಅವಕ್ಕೆ ಇಲ್ಲಿ ಗೇಟ್ ಅನ್ನುವುದಿಲ್ಲ. ಬಾರ್ ಅನ್ನುತ್ತಾರೆ. ಇದು ಗೊತ್ತಾದ ಹೊಸದರಲ್ಲಿ ಅವ್ವನ ಫೋನ್ ಬಂತು.

"ಸಂಜಿಕೆ ಎಲ್ಲೆ ಹೋಗಿದ್ದಿ? ಫೋನ ಎತ್ತಲಿಲ್ಲ."

"ಮಿಕಲ್‌ಗೇಟ್ ಬಾರ್‌ಗೆ ಹೋಗಿದ್ದೆ, ಅವ್ವಾ."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಒಬ್ಬಾಕಿನ?"